ಈ ಹಸು ಯಾರ್ಯಾರದು

ಮೇಡಂ ನಿವೃತ್ತರಾದ ದಿನ ಅವರ ಕಾಲೇಜಿನವರು ನನ್ನನ್ನೂ ಹಾಸನಕ್ಕೆ ಕರೆಸಿ, ವೇದಿಕೆಯ ಮೇಲೆ ಐದು ನಿಮಿಷ ಮಾತಾಡಿ ಅಂದಿದ್ದರು. ಅದರಲ್ಲಿ ಅರ್ಧ ಹೊತ್ತು ಮೈಕೇ ಕೀರಲು ದನಿಯಲ್ಲಿ ಕೂಗಿತು. ಉಳಿದ ಹೊತ್ತಿನಲ್ಲಿ ನಾನು ಸರಳ ಸಜ್ಜನಿಕೆ, ಶಿಸ್ತು, ವಿದ್ಯಾರ್ಥಿಗಳ ಅಚ್ಚುಮೆಚ್ಚು ಎಂದೆಲ್ಲ ಹೇಳಿ ಕೂತೆ. ಯಾರ ಬೀಳ್ಕೊಡುಗೆಗಾದರೂ ಹೊಂದುವ ಮಾತುಗಳು. ಊಟದ ಸಾಲಿನಲ್ಲಿ ಮೇಡಂ ನನ್ನ ಪಕ್ಕ ಬಂದು ಕೂತು, “ಚೆನ್ನಾಗಿ ಮಾತಾಡಿದೆ ಕಣಮ್ಮ. ಯಾರ ಬಗ್ಗೆ?” ಅಂತ ಕೇಳಿದರು. ಕೇಳಿ ಅವರೇ ನಕ್ಕರು.

ಊರಿಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅಚ್ಚಿನಲ್ಲಿ ತಮ್ಮ ಹೆಸರು ನೋಡಿದರೆ ಅವರಿಗೆ ಮುಜುಗರ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದ ಕಾಲ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ, ಅದರ ಮಹಡಿಯ ಮೇಲೆ ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರ. ಬಾಗಿಲಿನ ಚಿಲಕ, ನಲ್ಲಿಯ ವಾಷರ್ ಕೇಳಿಕೊಂಡು ಜನ ಮೆಟ್ಟಿಲು ಹತ್ತಿ ನಮ್ಮ ತರಗತಿಗೇ ಬಂದು ನಿಲ್ಲುತ್ತಿದ್ದರು. ಮೇಡಂ ಪಾಠ ನಿಲ್ಲಿಸಿ, “ಕೆಳಗಡೆ ಸಿಗತ್ತೆ ಕಣಪ್ಪಾ. ಇಲ್ಲಿ ನಾವು ಮಾರೋದು ಕೈಗೆ ಸಿಗಲ್ಲ” ಅಂತ ಕಳಿಸುತ್ತಿದ್ದರು. ನಾನು ಹಳೇಬೀಡಿನಿಂದ ದಿನಾ ಬಸ್ಸಿನಲ್ಲಿ ಬಂದು ಡೇಟಾಬೇಸ್ ಪಾಠ ಮಾಡುತ್ತಿದ್ದೆ. ಅಂದರೆ ಮಾಹಿತಿಯನ್ನು ಅಡ್ಡ ಸಾಲು, ಉದ್ದ ಸಾಲುಗಳ ಟೇಬಲ್ಲುಗಳಲ್ಲಿ ಅಚ್ಚುಕಟ್ಟಾಗಿ ಇಡುವ ಪಾಠ. ಮೇಡಂ ಹೇಳಿಕೊಡುತ್ತಿದ್ದುದು ಜಾವಾ, ಅಂದರೆ ಪ್ರೋಗ್ರಾಂ ಬರೆಯುವ ಒಂದು ಭಾಷೆ. ನನಗೆ ಇಪ್ಪತ್ತನಾಲ್ಕು, ಅವರಿಗೆ ನಲವತ್ತರ ಹತ್ತಿರ. ಅವರು ಹಾಸನದ ಕಾಲೇಜು ಸೇರಿದ್ದು ಆಮೇಲೆ.

ಅವರ ತಂದೆ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮನೆ. ನಡುಮನೆಯ ಗೋಡೆಯ ಮೇಲೆ ಬುದ್ಧನ ದೊಡ್ಡ ಪಟ, ಅದರ ಕೆಳಗೆ ರೈಲಿನ ವೇಳಾಪಟ್ಟಿ. ಬುದ್ಧ ಪೂರ್ಣಿಮೆಯ ದಿನ ಇಡೀ ಕೇಂದ್ರಕ್ಕೆ ಅವರ ಮನೆಯಿಂದ ಪಾಯಸ ಬರುತ್ತಿತ್ತು. ಮೇಡಂ ಎತ್ತರದ ಆಳು. ನೂಲಿನ ಸೀರೆ, ಸೆರಗಿನ ತುದಿಗೆ ಸದಾ ಸೀಮೆಸುಣ್ಣದ ಪುಡಿ. ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು, ಅದೇ ಪೆನ್ನಿಗಾಗಿ ಮೇಜೆಲ್ಲ ತಡಕಾಡುವವರು. ಏನಾದರೂ ಕಷ್ಟದ ಲೆಕ್ಕಾಚಾರ ತಲೆಗೆ ಹೊಕ್ಕರೆ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಓಡಾಡಲು ಶುರು. ಬಾಗಿಲ ಬಳಿ ಚಪ್ಪಲಿ ಕಂಡರೆ ವಿದ್ಯಾರ್ಥಿಗಳು ಪಿಸುಮಾತಿಗೆ ಇಳಿಯುತ್ತಿದ್ದರು.

ಯಾರಿಗೂ ಅವರು ‘ತಪ್ಪು’ ಅಂದದ್ದು ನಾನು ಕೇಳಿಲ್ಲ. ಪರದೆಯ ಮೇಲೆ ದೋಷದ ಸಂದೇಶ ಬಂದರೆ ಹುಡುಗರು ಗಾಬರಿಯಾಗಿ ಅದನ್ನು ಅಳಿಸಲು ಹೋಗುತ್ತಿದ್ದರು. ಮೇಡಂ ಅವರ ಕೈ ಹಿಡಿದು ನಿಲ್ಲಿಸಿ, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಆ ಸಂದೇಶವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸುತ್ತಿದ್ದರು. “ಅದು ಬಯ್ಯೋದನ್ನ ಪೂರ್ತಿ ಕೇಳಿಸ್ಕೊಳ್ರೋ. ಅರ್ಧಕ್ಕೆ ಎದ್ದು ಹೋಗೋದು ಮರ್ಯಾದೆ ಅಲ್ಲ” ಅನ್ನುತ್ತಿದ್ದರು.

ಒಂದು ಪಾಠ ನೆನಪಿದೆ. ಬಾಣಾವರದಿಂದ ರೈಲಿನಲ್ಲಿ ಬರುತ್ತಿದ್ದ ಇಬ್ಬರು ಹುಡುಗಿಯರ ಹೆಸರೂ ಲತಾ. ಇಬ್ಬರ ತಂದೆಯ ಹೆಸರೂ ರಾಜಪ್ಪ. ಮೇಡಂ ತರಗತಿಯ ನಡುವೆ “ಲತಾ” ಎಂದು ಕರೆದರು. ಇಬ್ಬರೂ ಎದ್ದು ನಿಂತರು. “ರಾಜಪ್ಪನ ಮಗಳು ಲತಾ” ಅಂದರು. ಇಬ್ಬರೂ ನಿಂತೇ ಇದ್ದರು. “ನೋಡಿ, ವಿವರ ಎಲ್ಲ ಒಂದೇ. ಆದರೂ ಇವಳ ಊಟದ ಡಬ್ಬಿ ಅವಳದಲ್ಲ. ಹಂಗೇ ಎರಡು ಆಬ್ಜೆಕ್ಟು ಒಂದೇ ಥರ ಕಂಡರೂ ಒಂದೇ ಅಲ್ಲ” ಅಂದರು. ಆಬ್ಜೆಕ್ಟ್ ಅಂದರೆ ಏನೆಂದು ಆ ತರಗತಿಗೆ ಮತ್ತೆ ಹೇಳಬೇಕಾಗಲಿಲ್ಲ. ಜಾವಾದಲ್ಲಿ ಪ್ರತಿಯೊಂದು ಮನುಷ್ಯ, ಪ್ರತಿಯೊಂದು ದನ, ಪ್ರತಿಯೊಂದು ಸಾಮಾನೂ ತನ್ನ ವಿವರ ತನ್ನ ಮೈಮೇಲೇ ಹೊತ್ತುಕೊಂಡು ಓಡಾಡುವ ಒಂದೊಂದು ಆಬ್ಜೆಕ್ಟು.

ನನಗೂ ಅವರಿಗೂ ಜಗಳ ಇದ್ದದ್ದು ಅಲ್ಲೇ. ಅವರ ಆಬ್ಜೆಕ್ಟುಗಳು ಕಂಪ್ಯೂಟರ್ ಆಫ್ ಮಾಡಿದರೆ ಮಾಯ. ಉಳಿಯಬೇಕಾದರೆ ನನ್ನ ಟೇಬಲ್ಲಿಗೆ ಬಂದೇ ತೀರಬೇಕು. ಬಂದರೆ ಹೊಂದುತ್ತಿರಲಿಲ್ಲ. ಅವರ ಲೋಕದಲ್ಲಿ ಹಸುವಿನ ಹತ್ತಿರ ಅದರ ಕರುಗಳ ಪಟ್ಟಿ ಇರುತ್ತದೆ. ನನ್ನ ಟೇಬಲ್ಲಿನಲ್ಲಿ ಹಾಗಿಲ್ಲ. ಒಂದೊಂದು ಕರುವಿನ ಸಾಲಿನಲ್ಲಿ ಅದರ ತಾಯಿಯ ನಂಬರು ಇರುತ್ತದೆ, ಅಷ್ಟೆ. “ನಿನ್ನ ಟೇಬಲ್ಲು ಜಿಪುಣ” ಎನ್ನುತ್ತಿದ್ದರು ಅವರು. “ನಿಮ್ಮ ಆಬ್ಜೆಕ್ಟು ದುಂದುಗಾರ” ಎನ್ನುತ್ತಿದ್ದೆ ನಾನು. ಒಂದು ದಿನ ಅವರೇ ಎಡಗೈ ಅಂಗೈಯನ್ನು ಹರವಿ, ಅದರ ಮೇಲೆ ಬಲಗೈ ಮುಷ್ಟಿ ಇಟ್ಟು ತೋರಿಸಿದರು. “ನನ್ನ ಕಡೆ ತಾಯಿಗೆ ಮಕ್ಕಳು ಗೊತ್ತು. ನಿನ್ನ ಕಡೆ ಮಗುವಿಗೆ ತಾಯಿ ಗೊತ್ತು. ಎರಡೂ ಕಡೆಯವರನ್ನ ಒಂದೇ ಚಪ್ಪರದಲ್ಲಿ ಕೂರಿಸೋದು ನಮ್ಮಿಬ್ಬರ ಕೆಲಸ ಕಣಮ್ಮ.”

ಹಸು, ಕರು ಎಂದು ಸುಮ್ಮನೆ ಉದಾಹರಣೆ ಕೊಡುತ್ತಿಲ್ಲ. ಹಗರೆಯ ಆಚೆ ಒಂದು ಹಳ್ಳಿಯ ಹಾಲಿನ ಸೊಸೈಟಿಯಿಂದ ನಮ್ಮ ಕೇಂದ್ರಕ್ಕೆ ಒಂದು ಕೆಲಸ ಬಂದಿತ್ತು. ಯಾವ ಹಸು ಯಾವುದರ ಕರು, ಯಾವಾಗ ಈದಿತು, ಯಾರ ಮನೆಯದು ಎಂಬುದೆಲ್ಲ ಕಂಪ್ಯೂಟರಿಗೆ ಹೋಗಬೇಕು ಅಂತ ಅಲ್ಲಿನ ಕಾರ್ಯದರ್ಶಿ ನಂಜೇಗೌಡರ ಆಸೆ. ಹೊಸ ಕಂಪ್ಯೂಟರನ್ನು ಅವರು ಆಗಲೇ ತಂದು, ಹಾಲಿನ ಕ್ಯಾನುಗಳ ಪಕ್ಕ ಟವೆಲ್ ಹೊದಿಸಿ ಇಟ್ಟಿದ್ದರು. ಕೆಲಸಕ್ಕೆ ಮೇಡಂ ನನ್ನನ್ನೇ ಜೊತೆ ಮಾಡಿಕೊಂಡರು.

ರಜೆಯ ದಿನ ಬೆಳಗ್ಗೆ ಅವರು ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ ಬರುತ್ತಿದ್ದರು. ನಮ್ಮ ಮನೆಯಲ್ಲಿ ಅಮ್ಮ ರೊಟ್ಟಿ ತಟ್ಟಿ ಕಾಯುತ್ತಿದ್ದರು. “ಅದೇನು ಕಲಿಸ್ತೀರೋ ಕಾಣೆ ಕಣ್ರೀ, ಇವಳು ನಿದ್ದೇಲೂ ನಿಮ್ಮ ಜೊತೆ ವಾದ ಮಾಡ್ತಾಳೆ” ಎಂದು ಅಮ್ಮ ದೂರುತ್ತಿದ್ದರು. ಮೇಡಂ ಇನ್ನೊಂದು ರೊಟ್ಟಿ ಹಾಕಿಸಿಕೊಂಡು, “ಗೆಲ್ಲೋದು ಯಾರು ಅಂತ ಕೇಳಿಸ್ಕೊಂಡು ಹೇಳ್ರಮ್ಮ” ಅನ್ನುತ್ತಿದ್ದರು.

ಸೊಸೈಟಿಯಲ್ಲಿ ಮೊದಲ ತಕರಾರು ಹೆಸರಿನದೇ. ಮುಕ್ಕಾಲು ಪಾಲು ಹಸುಗಳು ಗೌರಿ, ಉಳಿದವು ಲಕ್ಷ್ಮಿ. ಕಿವಿಗೆ ನಂಬರಿನ ಬಿಲ್ಲೆ ಹಾಕಿಸೋಣ ಎಂದರೆ ಒಬ್ಬ ಮುದುಕಪ್ಪ ಒಪ್ಪಲಿಲ್ಲ. “ನಂಬರ್ ಕರುದ್ರೆ ಹಸ ತಿರುಗಿ ನೋಡ್ತದೇನವ್ವ?” ಎಂದ. ಮೇಡಂ, “ನೀವು ಗೌರಿ ಅಂತಲೇ ಕರೀರಿ ಯಜಮಾನ್ರೇ. ನಂಬರು ಕಂಪ್ಯೂಟರ್ ಕರೆಯೋಕೆ. ಅದಕ್ಕೆ ನಿಮ್ಮಷ್ಟು ಸಲಿಗೆ ಇಲ್ಲ” ಅಂದರು. ಮುದುಕಪ್ಪನಿಗೆ ಅದು ಸರಿಯೆನಿಸಿ ತನ್ನ ಹಸುವನ್ನೇ ಮೊದಲು ಹಿಡಿದುಕೊಂಡು ಬಂದ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪ್ರೋಗ್ರಾಂ ಸಿದ್ಧವಾಯಿತು. ಊರವರಿಗೆ ತೋರಿಸುವ ದಿನ ಸೊಸೈಟಿಯ ಮುಂದೆ ಜಾತ್ರೆಯಷ್ಟಲ್ಲದಿದ್ದರೂ ಸಾಕಷ್ಟು ಜನ. ನಂಜೇಗೌಡರು ತಮ್ಮ ಮನೆಯ ಹಸುವಿನ ನಂಬರು ಹೇಳಿದರು. ಮೇಡಂ ಒತ್ತಿದರು. ಕಂಪ್ಯೂಟರಿನ ಫ್ಯಾನು ಬುಸುಗುಟ್ಟಲು ಶುರುವಾಯಿತು. ಪರದೆ ನಿಂತಲ್ಲೇ ನಿಂತಿತು. ಕಾಫಿ ಬಂತು, ಕುಡಿದೆವು. ಲೋಟ ವಾಪಸು ಹೋಯಿತು. ಹಸು ಬರಲಿಲ್ಲ.

“ಏನ್ ಮೇಡಂ, ಮೆಲುಕು ಹಾಕ್ತಾ ಐತಾ?” ಅಂದರು ನಂಜೇಗೌಡರು.

ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಡಂ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಚಪ್ಪಲಿ ಬಿಟ್ಟು ಒಂದು ಸುತ್ತು ನಡೆದು ಬಂದು ಜನರಿಗೆ ಹೇಳಿದರು. “ನಾನು ಒಂದು ಹಸು ಕೇಳಿದೆ. ಇದು ಅದರ ತಾಯಿನ ಕರೆಯೋಕೆ ಹೋಗಿದೆ. ತಾಯಿ ಜೊತೆ ಅದರ ಬೇರೆ ಕರುಗಳು. ಆಮೇಲೆ ಇವರ ಯಜಮಾನ್ರು. ಯಜಮಾನ್ರ ಬೇರೆ ಹಸುಗಳು. ಅವುಗಳ ಕರುಗಳು. ಒಬ್ಬರನ್ನೂ ಬಿಡಬಾರದು ಅಂತ ಇಡೀ ಊರನ್ನೇ ಕರ್ಕೊಂಡು ಬರ್ತಾ ಇದೆ.”

“ನಮ್ಮತ್ತೆ ಮದುವೆ ಕರಿಯಕ್ಕೋದಂಗೆ” ಎಂದಳು ಹಿಂದಿನಿಂದ ಒಬ್ಬ ಹೆಂಗಸು.

ಮುಂದಿನ ಸಲ ಹೋದಾಗ, ಕೇಳಿದಷ್ಟನ್ನು ಮಾತ್ರ ತರುವ ಹಾಗೆ ತಿದ್ದಿ ಕೊಟ್ಟೆವು. ಹಸು ಕೇಳಿದರೆ ಹಸು ಬರುತ್ತಿತ್ತು. ಕರು ಬೇಕೆಂದು ಒತ್ತಿದಾಗ ಮಾತ್ರ ಕರು. ಮೇಡಂ ಅದಕ್ಕೆ ಇನ್ನೊಂದು ಸೌಕರ್ಯ ಸೇರಿಸಿದ್ದರು, ಅದರ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು. ಹಸು ಈದ ಕೂಡಲೇ ಕರುವಿನ ವಿವರ ತುಂಬಿದರೆ ಸಾಕು, ಕರುವಿನ ಯಜಮಾನ ಯಾರೆಂದು ಯಾರೂ ಬರೆಯಬೇಕಾಗಿರಲಿಲ್ಲ. ತಾಯಿಯ ಯಜಮಾನನ ಹೆಸರು ತಾನಾಗಿ ಬಂದು ಕೂರುತ್ತಿತ್ತು.

ಆ ಸೌಕರ್ಯವೇ ಒಬ್ಬರ ಮನೆಯ ಕರುವನ್ನು ಬಿಚ್ಚಿಸಿತು.

ಆ ಊರಿನಲ್ಲಿ ಚಿಕ್ಕತಾಯಮ್ಮ ಎಂಬಾಕೆ ಇದ್ದರು. ಗಂಡ ಇಲ್ಲ, ಮಗಳ ಮದುವೆಯಾಗಿತ್ತು, ಸ್ವಲ್ಪ ರಾಗಿ ಹೊಲ. ಅವರ ಕೊಟ್ಟಿಗೆಯಲ್ಲಿದ್ದ ಹಸು ಶಿವಣ್ಣ ಎಂಬುವರ ಮನೆಯದು. ಪಾಲಿಗೆ ಸಾಕಲು ಕೊಟ್ಟದ್ದು. ಹಸು ತಂದುಕೊಟ್ಟವರಿಗೆ ಮೊದಲ ಕರು, ಮೇವು ಹಾಕಿ ಸಾಕಿದವರಿಗೆ ಎರಡನೆಯದು ಎಂದು ಬಾಯಿಮಾತಿನ ಒಪ್ಪಂದ. ಮೊದಲ ಕರು ಶಿವಣ್ಣನ ಮನೆಗೆ ಹೋಗಿತ್ತು. ಎರಡನೆಯದು ಹೆಣ್ಣು ಕರು, ಹಣೆಯಲ್ಲಿ ಬಿಳಿ ಚುಕ್ಕೆ. ಸೊಸೈಟಿಯಲ್ಲಿ ವಿವರ ತುಂಬಿದಾಗ ಕರುವಿನ ಮುಂದೆ ಶಿವಣ್ಣನ ಹೆಸರು ಬಂತು. ನಂಜೇಗೌಡರು ಅದನ್ನು ಪ್ರಿಂಟು ತೆಗೆದು ಗೋಡೆಗೆ ಅಂಟಿಸಿದರು. ಕರು ಹುಲ್ಲು ಕಚ್ಚಲು ಕಲಿತ ಮೇಲೆ ಶಿವಣ್ಣ ಬಂದು ಅದನ್ನು ಹೊಡೆದುಕೊಂಡು ಹೋದರು.

ನಮಗಿದು ತಿಳಿದದ್ದು ಮುಂದಿನ ಭೇಟಿಯಲ್ಲಿ, ನಂಜೇಗೌಡರ ಬಾಯಿಂದ. ಮೇಡಂ ಪರದೆ ನೋಡುತ್ತಿದ್ದವರು ಹಾಗೇ ಎದ್ದು, “ಆಕೆ ಮನೆ ತೋರ್ಸಿ” ಅಂದರು.

ಚಿಕ್ಕತಾಯಮ್ಮ ನಮ್ಮನ್ನು ಜಗುಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ದೂರಲಿಲ್ಲ. “ಕಂಪೂಟ್ರಲ್ಲೇ ಬಂದೈತೆ ಅಂದ್ರು ಕಣವ್ವ. ನಾನು ಇನ್ನೇನಂತ ಜಗಳಾಡ್ಲಿ. ಮನುಷ್ಯರಾದ್ರೆ ಬಾಯಿಗ್ ಬಾಯಿ ಕೊಡಬೋದು” ಎಂದರು. ಒಳಗೆ ಹಸು ಒಂದೇ ಸಮನೆ ಕೂಗುತ್ತಿತ್ತು.

ಮೇಡಂ ಮಜ್ಜಿಗೆ ಲೋಟವನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಅವರ ಮುಖ ಅಷ್ಟು ಚಿಕ್ಕದಾದದ್ದನ್ನು ನಾನು ಮತ್ತೆಂದೂ ನೋಡಿಲ್ಲ. ಸೊಸೈಟಿಗೆ ವಾಪಸು ಬಂದು, ಹಾಲು ಹಾಕಲು ಬಂದಿದ್ದ ಜನರೆದುರಿಗೆ, ಗೋಡೆಯ ಮೇಲಿದ್ದ ಹಾಳೆಗೆ ಬೆರಳಿಟ್ಟು ಹೇಳಿದರು. “ಇದನ್ನ ಕಂಪ್ಯೂಟರ್ ಹೇಳಿಲ್ಲ. ಅದಕ್ಕೆ ಏನೂ ಗೊತ್ತಿಲ್ಲ. ಹೇಳಿದ್ದು ನಾನು. ನಿಮ್ಮನ್ನ ಕೇಳದೆ ಅರಸೀಕೆರೇಲಿ ಕೂತ್ಕೊಂಡು ಹೇಳಿದ್ದು.”

ಶಿವಣ್ಣ ಅಲ್ಲೇ ಇದ್ದರು. “ಅದೆಂಗಾಯ್ತದೆ ಮೇಡಂ? ಊರೋರ್ದೆಲ್ಲ ಸರಿಯಾಗ್ ಬಂದು ನಂದೊಂದು ತಪ್ಪಾಗದಾ? ಏನ್ಲಾ ನಂಜ, ನೀನೇ ಹೇಳು” ಎಂದು ಕಾರ್ಯದರ್ಶಿಯ ಕಡೆ ತಿರುಗಿದರು. ನಂಜೇಗೌಡರು ಕ್ಯಾನು ತೊಳೆಸುವ ನೆಪದಲ್ಲಿ ಆಚೆ ನಡೆದರು.

ಆ ಸಂಜೆ ನೇರ ಬಸ್ಸು ತಪ್ಪಿತು. ಹಾಲಿನ ವ್ಯಾನಿನವರು ಹುಲಿಕೆರೆಯವರೆಗೆ ಬಿಟ್ಟರು. ಮುಂದಿನ ಬಸ್ಸಿಗೆ ಇನ್ನೂ ಹೊತ್ತು ಇದ್ದುದರಿಂದ ಅಲ್ಲಿನ ಕಲ್ಯಾಣಿಗೆ ಇಳಿದು ಮೆಟ್ಟಿಲ ಮೇಲೆ ಕೂತೆವು. ನೀರಿನಲ್ಲಿ ಸುತ್ತಲಿನ ಪುಟ್ಟ ಗುಡಿಗಳ ನೆರಳು ಅಲ್ಲಾಡುತ್ತಿತ್ತು. ಮೇಡಂ ಚಪ್ಪಲಿಯನ್ನು ಮೇಲೆಯೇ ಬಿಟ್ಟು ಬಂದಿದ್ದರು.

“ಹಸುಗೆ ಒಬ್ಬ ಯಜಮಾನ ಅಂತ ಯಾಕೆ ಇಟ್ಟೆ ನಾನು?” ಎಂದರು.

“ಇಬ್ಬರಿರಬಹುದು ಅಂತ ಇಟ್ಟುಬಿಡೋಣ ಮೇಡಂ. ಹಸುವಿನ ಟೇಬಲ್ಲು ಒಂದು, ಜನರ ಟೇಬಲ್ಲು ಒಂದು, ನಡುವೆ ಯಾವ ಹಸುವಿಗೆ ಯಾರು ಅಂತ ಸೇರಿಸೋಕೆ ಮೂರನೇದು” ಎಂದೆ. ನಾನು ಪಾಠದಲ್ಲಿ ಹೇಳಿಕೊಡುತ್ತಿದ್ದ ಮಾಮೂಲು ಉಪಾಯ. ಅವರಿಗೆ ಆ ನಡುವಿನ ಟೇಬಲ್ಲು ಕಂಡರೆ ಮೊದಲಿನಿಂದ ಆಗುತ್ತಿರಲಿಲ್ಲ. ಅವರ ಜಾವಾ ಲೋಕದಲ್ಲಿ ಅದಕ್ಕೆ ಜಾಗವೇ ಇಲ್ಲ, ಅದು ನಾವು ಟೇಬಲ್ಲಿನವರು ಹಾಕಿಕೊಂಡ ಗಂಟು ಅನ್ನುತ್ತಿದ್ದರು.

ಈಗ ಒಂದು ಮೆಟ್ಟಿಲು ಕೆಳಗಿಳಿದು ಕಾಲನ್ನು ನೀರಿಗೆ ಬಿಟ್ಟರು. “ಸೇರಿಸಿದರೆ ಸಾಲದು ಕಣಮ್ಮ. ಇಬ್ಬರ ಹೆಸರು ಬಂದ ಮಾತ್ರಕ್ಕೆ ಕರು ಯಾರಿಗೆ ಅಂತ ಗೊತ್ತಾಗಲ್ಲ. ತಂದುಕೊಟ್ಟವರು ಯಾರು, ಸಾಕೋರು ಯಾರು, ಏನು ಮಾತಾಗಿದೆ, ಅದೆಲ್ಲ ಹಸುದೂ ಅಲ್ಲ, ಮನುಷ್ಯರದೂ ಅಲ್ಲ. ಅವರ ನಡುವಿಂದು. ಸಂಬಂಧಾನೂ ಒಂದು ಆಬ್ಜೆಕ್ಟೇ. ನಾನು ಅದನ್ನ ಗಂಟು ಅನ್ಕೊಂಡು ಮುಚ್ಚಿಡ್ತಾ ಇದ್ದೆ” ಎಂದರು. ನಿನ್ನ ಟೇಬಲ್ಲೇ ಗೆದ್ದಿತು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರಿಗೂ ಕರುವಿನದೇ ಯೋಚನೆ.

ಮುಂದಿನ ವಾರ ಅವರು ಪ್ರೋಗ್ರಾಂ ಮುಟ್ಟಲಿಲ್ಲ. ಮೊದಲು ಮನೆ ಮನೆಗೆ ಹೋಗಿ ಕೇಳಬೇಕು ಎಂದರು. ನಂಜೇಗೌಡರು ಮುಂದೆ, ನಾವು ಹಿಂದೆ. ಮೊದಲನೇ ಸಲ ವಿವರ ಬರೆಸಿಕೊಳ್ಳುವಾಗ ನಾವು ಕೇಳಿದ್ದು ‘ಈ ಹಸು ಯಾರದು’ ಎಂದು. ಈ ಸಲ ಮೇಡಂ ಪ್ರತಿ ಬಾಗಿಲಲ್ಲೂ, “ಈ ಹಸು ಯಾರ್ಯಾರದು?” ಎಂದು ಕೇಳಿದರು. ಆ ಒಂದು ಪದ ಬದಲಾದದ್ದೇ ತಡ, ಊರು ಬಾಯಿ ಬಿಟ್ಟಿತು. ಒಂದು ಹಸು ಅಣ್ಣತಮ್ಮಂದಿರ ಮನೆ ಪಾಲಾದರೂ ತಾನು ಪಾಲಾಗದೆ ಉಳಿದದ್ದು. ಬೆಳಗಿನ ಹಾಲು ಅಣ್ಣನಿಗೆ, ಸಂಜೆಯದು ತಮ್ಮನಿಗೆ. ಒಂದು ಹಸು ಸೊಸೆಗೆ ತವರಿನವರು ಬಳುವಳಿ ಕೊಟ್ಟದ್ದು. ಅತ್ತೆ “ನಮ್ಮನೇದು” ಎಂದರು, ಸೊಸೆ ಒಳಗಿನಿಂದ “ನಂದು” ಎಂದಳು. ಮೇಡಂ ಎರಡನ್ನೂ ಬರೆದುಕೊಂಡು, “ಎರಡೂ ಸರಿ ಇರೋ ಹಂಗೆ ಮಾಡ್ತೀನಿ” ಅಂದರು. ಅತ್ತೆಗೂ ನಗು ಬಂತು. ನಂಬರು ಬೇಡ ಎಂದಿದ್ದ ಮುದುಕಪ್ಪನನ್ನು ಕೇಳಿದರೆ, “ನಂದೇನೈತೆ, ಹಸ ಅದರ ಪಾಡಿಗೆ ಅದು” ಎಂದ. ಅದನ್ನು ಯಾವ ಟೇಬಲ್ಲಿಗೆ ಹಾಕಬೇಕೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಶಿವಣ್ಣನ ಮನೆಗೆ ಹೋದಾಗ ಅವರು ಬಾಗಿಲಲ್ಲೇ ನಿಂತು, ಗಟ್ಟಿ ಮುಖ ಮಾಡಿಕೊಂಡು, “ಕೇಳ್ರಿ” ಎಂದರು. ಪಡಸಾಲೆಯಲ್ಲಿ ಅವರ ತಾಯಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಮೇಡಂ ಮಗನನ್ನು ಬಿಟ್ಟು ತಾಯಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು, ತಾವೂ ಒಂದು ಕಾಯಿ ಸುಲಿಯುತ್ತ ಕೇಳಿದರು. “ಚಿಕ್ಕತಾಯಮ್ಮನ ಕೊಟ್ಟಿಗೇಲಿರೋ ಹಸು ಯಾರ್ಯಾರದು ಅಜ್ಜಿ?”

“ನಮ್ದೂ ಅವಳ್ದೂ” ಎಂದರು ಅಜ್ಜಿ, ತಲೆಯೆತ್ತದೆ. “ಅವಳ ಗಂಡ ಹೋದಾಗ ನಾನೇ ಹೊಡೆಸಿ ಕಳಿಸ್ದೆ. ಮೊದಲ್ನೇದು ನಮ್ಗೆ, ಎರಡ್ನೇದು ನಿಂಗೆ ಅಂತ ನಾನೇ ಬಾಯಿ ಕೊಟ್ಟಿದ್ದೆ. ಯಾಕೆ, ಎರಡ್ನೇದು ಹಾಕ್ತಾ?”

ಹಿತ್ತಲಿನಿಂದ ಕರು ಕೂಗಿದ್ದು ಎಲ್ಲರಿಗೂ ಕೇಳಿಸಿತು. ಅಜ್ಜಿ ಆಗ ತಲೆಯೆತ್ತಿ ಮಗನನ್ನು ನೋಡಿದರು. “ಅದ್ಯಾವ್ದುಲಾ ಹಿತ್ಲಲ್ಲಿ? ಕೊಂಡ್ಕೊಂಡ್ ಬಂದೆ ಅಂದಲ್ಲ.”

ಶಿವಣ್ಣ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮುಖ ಒರೆಸಿಕೊಂಡರು. “ಪ್ರಿಂಟಲ್ಲಿ ನನ್ನ ಹೆಸರಿತ್ತಲ್ಲವ್ವ” ಎಂದರು, ಸಣ್ಣ ದನಿಯಲ್ಲಿ. ಕೆಟ್ಟ ಮನುಷ್ಯರಲ್ಲ ಅವರು. ಹೆಸರು ಅಚ್ಚಾಗಿ ಗೋಡೆ ಮೇಲೆ ಕಂಡಾಗ ಆಸೆಯಾಗಿತ್ತು.

“ಆ ಪ್ರಿಂಟು ನನ್ನ ತಪ್ಪು ಶಿವಣ್ಣ” ಎಂದರು ಮೇಡಂ. “ನಾನು ಸರಿಯಾಗಿ ಕೇಳಿದ್ರೆ ನಿಮಗೆ ಈ ತೊಂದರೆ ಇರ್ತಿರ್ಲಿಲ್ಲ. ನಡೀರಿ, ನಾನೂ ಬರ್ತೀನಿ.” ತಪ್ಪಿನ ಭಾರದಲ್ಲಿ ಒಂದು ಕೊನೆಯನ್ನು ಅವರು ಎತ್ತಿಕೊಂಡ ಮೇಲೆ ಶಿವಣ್ಣನಿಗೆ ಇನ್ನೊಂದು ಕೊನೆ ಹಗುರವಾಗಿರಬೇಕು. ಹಿತ್ತಲಿಗೆ ಹೋಗಿ ಹಗ್ಗ ಬಿಚ್ಚಿದರು.

ಕರು ಮಾತ್ರ ಹೊರಡಲು ಒಪ್ಪಲಿಲ್ಲ. ಬೀದಿಯ ನಡುವೆ ನಾಲ್ಕೂ ಕಾಲು ಊರಿ ನಿಂತಿತು. ಶಿವಣ್ಣ ಮುಂದಿನಿಂದ ಎಳೆದರು, ನಂಜೇಗೌಡರು ಬಾಯಲ್ಲಿ ಸದ್ದು ಮಾಡಿದರು. ಕೊನೆಗೆ ಮೇಡಂ ಸೆರಗು ಸಿಕ್ಕಿಸಿಕೊಂಡು ಹಿಂದಿನಿಂದ ತಳ್ಳಲು ಶುರುಮಾಡಿದರು. ಅರಸೀಕೆರೆಯ ಜಾವಾ ಟೀಚರು ಕರು ತಳ್ಳಿಕೊಂಡು ಬರುವುದನ್ನು ನೋಡಲು ಬಾಗಿಲುಬಾಗಿಲಲ್ಲೂ ಜನ. ಚಿಕ್ಕತಾಯಮ್ಮನ ಬೀದಿಯ ತಿರುವಿನಲ್ಲಿ ಒಳಗಿನಿಂದ ತಾಯಿಹಸು ಒಮ್ಮೆ ಕೂಗಿತು. ಕರು ಹಗ್ಗವನ್ನು ಕಿತ್ತುಕೊಂಡು ಓಡಿತು. ತಳ್ಳುತ್ತಿದ್ದ ಮೇಡಂ ಆಧಾರ ತಪ್ಪಿ ಸಗಣಿಯ ಮೇಲೆ ಕೂತರು. ಕೂತಲ್ಲೇ ನಗುತ್ತಾ, “ಬಿಡಿ, ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ” ಅಂದರು. ಚಿಕ್ಕತಾಯಮ್ಮ ಬಾಗಿಲಿಗೆ ಬಂದವರು ಕರು ನೋಡಿ, ಮೇಡಂ ಸ್ಥಿತಿ ನೋಡಿ, ಮೊದಲು ಯಾವುದಕ್ಕೆ ಓಡಬೇಕೆಂದು ತಿಳಿಯದೆ ನಿಂತರು. ಆ ದಿನ ಮೇಡಂ ಅರಸೀಕೆರೆಗೆ ವಾಪಸಾದದ್ದು ಚಿಕ್ಕತಾಯಮ್ಮನ ಮಗಳ ಮದುವೆ ಸೀರೆಯಲ್ಲಿ.

ಪ್ರೋಗ್ರಾಮನ್ನು ಮೇಡಂ ಮತ್ತೆ ಬುಡದಿಂದ ಬರೆದರು. ಅದರಲ್ಲಿ ಹಸು ಮತ್ತು ಮನುಷ್ಯರ ಜೊತೆಗೆ ‘ಒಪ್ಪಂದ’ ಎಂಬ ಆಬ್ಜೆಕ್ಟೂ ಇತ್ತು, ಅದಕ್ಕೆ ತಕ್ಕ ಟೇಬಲ್ಲೂ ಇತ್ತು. ಕರು ಹುಟ್ಟಿದರೆ ಹೆಸರು ತಾನಾಗಿ ಬಂದು ಕೂರುತ್ತಿರಲಿಲ್ಲ. ಯಾರಿಗೆ ಎಂದು ಕೇಳಿ ಪರದೆ ಕಾಯುತ್ತಿತ್ತು. ಕೆಲಸ ಸ್ವಲ್ಪ ನಿಧಾನವಾಯಿತೆಂದು ನಂಜೇಗೌಡರು ಗೊಣಗಿದರು. ಮೇಡಂ ಒಪ್ಪಿಕೊಂಡರು, ತಿದ್ದಲಿಲ್ಲ.

ಎರಡು ಮೂರು ವರ್ಷವಾಗಿತ್ತೇನೋ. ಒಂದು ಬೆಳಗ್ಗೆ ಬೇಲೂರು ಬಸ್ಸಿನ ಕಂಡಕ್ಟರು ನಮ್ಮ ಮಹಡಿ ಹತ್ತಿ ಬಂದು, ಬಟ್ಟೆ ಸುತ್ತಿದ ಒಂದು ಸ್ಟೀಲಿನ ಕ್ಯಾನನ್ನು ಮೇಜಿನ ಮೇಲಿಟ್ಟರು. “ಹಗರೆ ಕಡೆಯಿಂದ ಒಬ್ಬಮ್ಮ ಕೊಟ್ರು. ಕುಲುಕಬೇಡ ಅಂತ ಮೂರು ಸಲ ಹೇಳಿದ್ರು ಮೇಡಂ, ಡ್ರೈವರ್‌ಗೂ ಹೇಳಿದ್ರು” ಎಂದರು. ಒಳಗೆ ಹಳದಿ ಬಣ್ಣದ ದಪ್ಪ ಹಾಲು. ಹಣೆಯಲ್ಲಿ ಬಿಳಿ ಚುಕ್ಕೆಯ ಆ ಕರು ಬೆಳೆದು ಹಸುವಾಗಿ ಚೊಚ್ಚಲು ಈದಿತ್ತು. ಗಿಣ್ಣದ ಹಾಲು ಕಳಿಸಿದ್ದರು ಚಿಕ್ಕತಾಯಮ್ಮ.

ಮೇಡಂ ತುರುಬಿನಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟು, ವಿದ್ಯಾರ್ಥಿಗಳಿಗೆ ಸದ್ದು ಮಾಡದೆ ಓದಿಕೊಳ್ಳಿ ಎಂದು ಹೇಳಿ, ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದರು. ಮಧ್ಯಾಹ್ನಕ್ಕೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣನ್ನು ದೊಡ್ಡ ತಟ್ಟೆಯಲ್ಲಿ ತಂದರು. ಎಲ್ಲರೂ ಕೈಯೊಡ್ಡಿ ನಿಂತೆವು. ಮೊಳೆ ಕೇಳಿಕೊಂಡು ಹತ್ತಿ ಬಂದಿದ್ದ ಒಬ್ಬ ಅಪರಿಚಿತರ ಅಂಗೈಗೂ ಒಂದು ತುಂಡು ಬಿತ್ತು. ಅವರು ತಿಂದು, ಏನು ವಿಶೇಷ ಎಂದು ವಿಚಾರಿಸಿದರು.

“ನಮ್ಮ ಹಸು ಕರು ಹಾಕಿದೆ” ಎಂದರು ಮೇಡಂ.